ಕಾಗಿಣಾ–ಭೀಮಾ ದಂಡೆಯ ಹರಿಗೋಲು

ಸೇತುವೆಗಳು ಬರುವ ಮೊದಲು ಸೇಡಂ, ಚಿತ್ತಾಪುರ, ಶಹಾಬಾದ್ ಸೀಮೆಯಲ್ಲಿ ಮಳೆಗಾಲದ ಹೊಳೆ ದಾಟಲು ಹರಿಗೋಲೇ ಗತಿ. ಬಿದಿರಿನ ದೊಡ್ಡ ಬುಟ್ಟಿ, ಅದಕ್ಕೆ ಹೊರಗಿನಿಂದ ತೊಗಲಿನ ಹೊದಿಕೆ, ನಡೆಸಲು ಒಂದು ಹುಟ್ಟು, ಹುಟ್ಟು ಹಿಡಿಯಲು ಒಬ್ಬ ಅಂಬಿಗ. ಎಷ್ಟು ಜನ ಹತ್ತಬೇಕು, ಯಾರು ಎಲ್ಲಿ ಕೂಡಬೇಕು, ಇವತ್ತು ಹೊಳೆಗೆ ಇಳಿಯಬೇಕೋ ಬೇಡವೋ ಎಂಬುದಕ್ಕೆಲ್ಲ ಬರೆದಿಟ್ಟ ನಿಯಮ ಇರಲಿಲ್ಲ. ಅಂಬಿಗನ ಮಾತೇ ನಿಯಮ. ಅವನು ‘ಬೇಡ’ ಎಂದರೆ ಊರಗೌಡನೂ ದಂಡೆಯಲ್ಲೇ ಕಾಯಬೇಕಿತ್ತು. ಈ ಸೀಮೆಯಲ್ಲಿ ನೀರಿನ ಮೇಲಿನ ಸುರಕ್ಷತೆಯ ಇತಿಹಾಸ ಬಹುಮಟ್ಟಿಗೆ ಆ ‘ಬೇಡ’ಕ್ಕೆ ಇದ್ದ ಬೆಲೆಯ ಇತಿಹಾಸ.

ಕಾಗಿಣಾ ನೋಡಲು ದೊಡ್ಡ ಹೊಳೆಯಲ್ಲ, ಆದರೆ ನಂಬುವಂಥದ್ದೂ ಅಲ್ಲ. ತೆಲಂಗಾಣದ ವಿಕಾರಾಬಾದ್ ಕಡೆಯ ಎತ್ತರದ ನೆಲದಲ್ಲಿ ಅದು ಹುಟ್ಟುತ್ತದೆ. ಅಲ್ಲಿ ಅದರ ಹೆಸರು ಕಾಗ್ನಾ. ತಾಂಡೂರನ್ನು ಹಾದು ಕರ್ನಾಟಕಕ್ಕೆ ಬಂದು, ಸೇಡಂ, ಮಳಖೇಡ, ದಂಡೋತಿಗಳ ಮೇಲೆ ಹರಿದು, ಶಹಾಬಾದ್–ವಾಡಿ ಸೀಮೆಯಲ್ಲಿ ಭೀಮೆಯನ್ನು ಸೇರುತ್ತದೆ. ದಾರಿಯಲ್ಲಿ ಚಿಂಚೋಳಿಯಿಂದ ಮುಲ್ಲಾಮಾರಿ, ಸೇಡಂ ಹತ್ತಿರ ಕಮಲಾವತಿ, ಇನ್ನೊಂದು ಕಡೆಯಿಂದ ಬೆಣ್ಣೆತೊರೆ ಅದಕ್ಕೆ ಕೂಡುತ್ತವೆ. ಮಳಖೇಡದಲ್ಲಿ ಒಂದು ಹನಿ ಬೀಳದಿದ್ದರೂ ವಿಕಾರಾಬಾದ್, ತಾಂಡೂರು ಕಡೆ ರಾತ್ರಿ ಜೋರು ಮಳೆಯಾದರೆ ಬೆಳಗಾಗುವಷ್ಟರಲ್ಲಿ ಇಲ್ಲಿ ಹೊಳೆ ಬಂದಿರುತ್ತದೆ. ಬಿಸಿಲು ಬಿದ್ದ ದಿನವೇ ನೀರು ಏರುವುದು ಈ ಹೊಳೆಯ ಸ್ವಭಾವ. ಹೊಸಬರು ಮೋಸ ಹೋಗುವುದು ಇಲ್ಲಿಯೇ.

ತಳದ ಕಲ್ಲೂ ಇದಕ್ಕೆ ತಕ್ಕಂತೆಯೇ ಇದೆ. ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು, ಅಂದರೆ ಫರ್ಸಿ, ಹೊಳೆಯ ಪಾತ್ರದಲ್ಲೂ ಚಪ್ಪಡಿಗಳಾಗಿ ಹಾಸಿಕೊಂಡಿದೆ. ಬೇಸಿಗೆಯಲ್ಲಿ ಅದರ ಮೇಲೆ ಮೊಣಕಾಲುದ್ದದ ತಿಳಿನೀರು ಹರಿಯುತ್ತದೆ. ಬಟ್ಟೆ ಒಗೆಯಲು, ದನ ತೊಳೆಯಲು ಇಂಥ ಜಾಗ ಬೇರೆ ಇಲ್ಲ. ಆದರೆ ಚಪ್ಪಡಿ ಮುಗಿದ ಕಡೆ ಮೆಟ್ಟಿಲು ತಪ್ಪಿದಂತೆ ಒಮ್ಮೆಲೆ ಮಡು ಸಿಗುತ್ತದೆ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲು ಜಾರಿದರೆ ಮೊಣಕಾಲುದ್ದದಿಂದ ಆಳುದ್ದದ ನೀರಿಗೆ ಹೋಗಲು ಒಂದು ಹೆಜ್ಜೆ ಸಾಕು.

ಇಂಥ ಹೊಳೆಗೆ ಹೇಳಿ ಮಾಡಿಸಿದ ದೋಣಿ ಹರಿಗೋಲು. ಮೇದಾರರು ಬಿದಿರನ್ನು ಸೀಳಿ ದಬ್ಬೆ ತೆಗೆದು, ನೆಲದ ಮೇಲೆ ಅಡ್ಡಡ್ಡ ಹೆಣೆಯುತ್ತ ಹೋಗಿ, ಅಂಚುಗಳನ್ನು ಮೇಲಕ್ಕೆ ಬಾಗಿಸಿ ದಪ್ಪ ಬಳೆಯಂತೆ ಸುತ್ತು ಕಟ್ಟುತ್ತಿದ್ದರು. ಮೀನು ಹಿಡಿಯುವ ಹರಿಗೋಲಿನ ಅಡ್ಡಗಲ ಆರು ಅಡಿಯ ಆಸುಪಾಸು. ಜನ, ಚೀಲ, ಕುರಿ ದಾಟಿಸುವುದು ಹತ್ತು ಅಡಿಗೂ ಮಿಕ್ಕಿದ್ದು. ಹದ ಮಾಡಿದ ಎಮ್ಮೆ, ಎತ್ತಿನ ತೊಗಲುಗಳನ್ನು ಹೊಲಿದು ಹೊರಮೈಗೆ ಬಿಗಿಯುತ್ತಿದ್ದರು. ತೊಗಲು ಬಿಸಿಲಿಗೆ ಒಣಗಿದರೆ ಬಿರಿಯುತ್ತದೆ, ನೀರಲ್ಲೇ ಬಿಟ್ಟರೆ ಕೊಳೆಯುತ್ತದೆ. ಹಾಗಾಗಿ ದಾಟಿದ ಮೇಲೆ ಹರಿಗೋಲನ್ನು ದಂಡೆಗೆ ಎಳೆದು ಬೋರಲು ಹಾಕುವುದು, ಎಣ್ಣೆ ಉಣಿಸುವುದು, ಹೊಲಿಗೆ ಬಿಟ್ಟಲ್ಲಿ ಮತ್ತೆ ಹಾಕುವುದು ಅಂಬಿಗನ ಮನೆಯ ನಿತ್ಯದ ಕೆಲಸವಾಗಿತ್ತು. ಮುಂದೆ ತೊಗಲಿನ ಜಾಗಕ್ಕೆ ತಾಡಪತ್ರಿ ಬಂತು, ಆಮೇಲೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಮತ್ತು ಡಾಂಬರು. ಹೆಣಿಗೆ ಮಾತ್ರ ಹೆಚ್ಚು ಬದಲಾಗಲಿಲ್ಲ.

ದುಂಡಗಿನ ಈ ದೋಣಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. ತಳ ಚಪ್ಪಟೆ ಇರುವುದರಿಂದ ಗೇಣು ನೀರಿದ್ದರೂ ತೇಲುತ್ತದೆ, ಕಲ್ಲಿನ ಮೇಲೆ ಜಾರಿ ಹೋಗುತ್ತದೆ, ಬಂಡೆಗೆ ಬಡಿದರೂ ಮರದ ದೋಣಿಯಂತೆ ಒಡೆಯುವುದಿಲ್ಲ, ಬಾಗಿ ಮತ್ತೆ ಎದ್ದು ನಿಲ್ಲುತ್ತದೆ. ಎಲ್ಲರೂ ತಳದಲ್ಲಿ ಕೂತಿರುವ ತನಕ ಅದನ್ನು ಮಗುಚುವುದು ಕಷ್ಟ. ಒಬ್ಬರು ಎದ್ದು ನಿಂತರೆ, ಅಥವಾ ನಾಲ್ಕು ಜನ ಒಂದೇ ಕಡೆ ವಾಲಿದರೆ ಅಂಚು ನೀರಿಗೆ ತಾಗುತ್ತದೆ. ಒಳಗೆ ಬಂದ ನೀರು ತಗ್ಗಿನ ಕಡೆಗೇ ಓಡಿ ಇನ್ನಷ್ಟು ವಾಲಿಸುತ್ತದೆ. ಆಮೇಲೆ ಉಳಿಯುವ ಸಮಯ ಒಂದೆರಡು ಉಸಿರಿನಷ್ಟು.

ಹತ್ತಿಸುವಾಗಲೇ ಅಂಬಿಗ ಇದನ್ನೆಲ್ಲ ನೋಡಿಕೊಳ್ಳುತ್ತಿದ್ದ. ಚೀಲ, ಗಂಟು ನಡುವೆ. ಮಕ್ಕಳು, ಬಾಣಂತಿಯರು ಅದರ ಒತ್ತಿಗೆ. ಗಂಡಸರು ಅಂಚಿನ ಸುತ್ತ ಸಮನಾಗಿ, ಎದುರು ಬದುರು. ಪ್ರತಿಯೊಬ್ಬರು ಕೂತಾಗಲೂ ಅವನ ಕಣ್ಣು ಅಂಚಿಗೂ ನೀರಿಗೂ ಉಳಿದ ಅಂತರದ ಮೇಲೆ. ಹಡಗಿನ ಮೈಮೇಲೆ ಭಾರದ ಗೆರೆ ಎಳೆಯಬೇಕೆಂದು ಬ್ರಿಟನ್ನಿನಲ್ಲಿ ಕಾನೂನು ಬಂದದ್ದು 1876ರಲ್ಲಿ, ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬ ಸಂಸದನ ಹೋರಾಟದಿಂದ. ಬಿದಿರಿನ ಬುಟ್ಟಿಯ ಮೇಲೆ ಅಂಥ ಗೆರೆ ಯಾರೂ ಎಳೆಯಲಿಲ್ಲ. ಅದು ಅಂಬಿಗನ ಕಣ್ಣಲ್ಲೇ ಇತ್ತು.

ಹೊಳೆಗೆ ಬಿಡುವ ಮೊದಲು ಹರಿಗೋಲನ್ನು ದಂಡೆಗುಂಟ ಮೇಲಕ್ಕೆ ಎಳೆದುಕೊಂಡು ಹೋಗಬೇಕು. ಸೆಳವು ಎಷ್ಟು ಕೆಳಗೆ ಒಯ್ಯುತ್ತದೋ ಅಷ್ಟು ಮೇಲಿನಿಂದ ಬಿಟ್ಟರೆ ಆಚೆ ದಂಡೆಯ ಘಟ್ಟಕ್ಕೆ ಸರಿಯಾಗಿ ಮುಟ್ಟುತ್ತದೆ. ಅಂಬಿಗ ಅಂಚಿಗೆ ಮೊಣಕಾಲೂರಿ, ಹುಟ್ಟನ್ನು ಮುಂದಕ್ಕೆ ಚಾಚಿ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಎಳೆತ ಒಂದೇ ಕಡೆ ಆದರೆ ಬುಟ್ಟಿ ಗಿರಗಿರನೆ ತಿರುಗುತ್ತದೆ. ನಡುಹೊಳೆಯಲ್ಲಿ ಸೆಳವಿಗೆ ಎದುರಾಗಿ ಹುಟ್ಟು ಹಾಕಿ ಅವನು ದಣಿಯುವುದಿಲ್ಲ. ನೀರಿನ ಜೊತೆ ಹೋಗುತ್ತಲೇ ಅಡ್ಡಕ್ಕೆ ಸರಿಯುತ್ತಾನೆ. ಸೆಳವಿಗೆ ಸಿಕ್ಕಿದ ಈಜುಗಾರ ಹರಿವಿಗೆ ಎದುರಾಗಿ ಈಜದೆ ಓರೆಯಾಗಿ ದಂಡೆ ಸೇರಬೇಕೆಂದು ಇಂದಿನ ತರಬೇತಿಯಲ್ಲಿ ಕಲಿಸುವುದೂ ಇದನ್ನೇ.

ಹೊಳೆ ಏರುವ ಸೂಚನೆಗಳು ಅವನಿಗೆ ಬಾಯಿಪಾಠ. ತಿಳಿನೀರು ಕೆಂಪಗಾಯಿತೆಂದರೆ ಮೇಲಿನ ಸೀಮೆಯ ಕೆಂಪು ಮಣ್ಣು ತೊಳೆದು ಬಂದಿದೆ. ನೊರೆ, ಕಸಕಡ್ಡಿ, ಹಸಿ ಎಲೆಗಳು ತೇಲಿ ಬಂದರೆ ಹಿಂದೆ ದೊಡ್ಡ ನೀರಿದೆ. ಕಲ್ಲುಗಳ ನಡುವಿನ ಸಪ್ಪಳ ಅಡಗಿತೆಂದರೆ ಕಲ್ಲುಗಳು ಮುಳುಗಿವೆ. ಮೃಗಶಿರಾ, ಆರಿದ್ರಾ ಮಳೆಗಳಿಗಿಂತ ಹಸ್ತ, ಚಿತ್ತಾ ಮಳೆಗಳನ್ನು ಅಂಬಿಗರು ಹೆಚ್ಚು ಅನುಮಾನದಿಂದ ನೋಡುತ್ತಿದ್ದರು. ಆಗ ನೆಲ ನೆನೆದು ಹೊಟ್ಟೆ ತುಂಬಿಕೊಂಡಿರುತ್ತದೆ. ಬಿದ್ದ ಮಳೆಯೆಲ್ಲ ಹೊಳೆಗೇ ಬರುತ್ತದೆ.

ಈ ಕೆಲಸಕ್ಕೆ ಪ್ರತಿ ಸಲವೂ ಕಾಸು ಕೊಡುವ ರೂಢಿ ಇರಲಿಲ್ಲ. ದಂಡೆಯ ಹಳ್ಳಿಯವರು ಸುಗ್ಗಿಯಲ್ಲಿ ಬಡಿಗ, ಕಮ್ಮಾರರಿಗೆ ಕೊಡುವಂತೆ ಅಂಬಿಗನಿಗೂ ಜೋಳದ ಪಾಲು ಕೊಡುತ್ತಿದ್ದರು. ಹೊರಗಿನವರು ಮಾತ್ರ ದಾಟುವಾಗ ಹಣ ಕೊಡುತ್ತಿದ್ದರು. ಸುರಕ್ಷತೆಯ ದೃಷ್ಟಿಯಿಂದ ಈ ಏರ್ಪಾಡಿನ ಅರ್ಥ ದೊಡ್ಡದು. ವರ್ಷದ ಕಾಳು ಮನೆಗೆ ಬಂದವನಿಗೆ ಒಂದು ದಿನ ಹರಿಗೋಲು ಬಿಡದಿದ್ದರೆ ನಷ್ಟವಿಲ್ಲ. ಒಂದು ತಲೆಗೆ ಇಷ್ಟು ಎಂದು ಎಣಿಸಿ ದುಡಿಯುವವನಿಗೆ ಇನ್ನೊಬ್ಬರನ್ನು ಹತ್ತಿಸಿಕೊಳ್ಳುವ ಆಸೆ ಇದ್ದೇ ಇರುತ್ತದೆ. ಲೋಕದಲ್ಲಿ ಮಗುಚಿದ ದೋಣಿಗಳಲ್ಲಿ ಬಹಳಷ್ಟನ್ನು ಮಗುಚಿದ್ದು ಆ ‘ಇನ್ನೊಬ್ಬರು’.

ಅಂಬಿಗ, ಕೋಲಿ, ಕಬ್ಬಲಿಗ, ಗಂಗಾಮತ, ಬೆಸ್ತ ಎಂದು ಬೇರೆ ಬೇರೆ ಹೆಸರಲ್ಲಿ ಕರೆಯುವ ಈ ಸಮುದಾಯ ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಸಂಖ್ಯೆಯಲ್ಲೂ ದೊಡ್ಡದು. 12ನೇ ಶತಮಾನದ ಶರಣ ಅಂಬಿಗರ ಚೌಡಯ್ಯ ತನ್ನ ಹೆಸರನ್ನೇ ವಚನಗಳ ಅಂಕಿತವಾಗಿ ಇಟ್ಟುಕೊಂಡ. ಕಸುಬಿನ ಹೆಸರು ಹಾಗೆ ಅಂಕಿತದೊಳಗೇ ನಿಂತಿತು. ಅವನ ನೆಲೆ ತುಂಗಭದ್ರೆಯ ದಂಡೆಯ ಚೌಡದಾನಪುರವಾದರೂ ಭೀಮಾ ದಂಡೆಯ ಊರುಗಳಲ್ಲಿ ಅವನು ಮನೆಯ ಹಿರಿಯನಂತೆ. ಜನವರಿ 21ರಂದು ಅವನ ಜಯಂತಿಯನ್ನು ಸರ್ಕಾರವೇ ಆಚರಿಸುತ್ತದೆ.

ಹೊರಗಿನಿಂದ ಬಂದವರ ಕಣ್ಣಿಗೆ ಈ ದುಂಡು ದೋಣಿ ವಿಚಿತ್ರವಾಗಿ ಕಂಡಿತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ದೊಮಿಂಗೊ ಪಾಯಸ್ ಆನೆಗೊಂದಿಯಲ್ಲಿ ತುಂಗಭದ್ರೆ ದಾಟುವ ಹರಿಗೋಲುಗಳನ್ನು ವರ್ಣಿಸಿದ್ದಾನೆ: ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ, ಎತ್ತುಗಳೂ ಹೋಗಬಹುದು, ನೇರವಾಗಿ ಹೋಗಲಾರದೆ ತಿರುಗುತ್ತಲೇ ಇರುತ್ತವೆ. ರಾಜ್ಯದ ಹೊಳೆಗಳಲ್ಲೆಲ್ಲ ಬೇರೆ ದೋಣಿಯೇ ಇಲ್ಲ ಎಂದೂ ಅವನು ಬರೆದ. ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಗೋಲ್ಕೊಂಡ ಸೀಮೆಯಲ್ಲಿ ತಿರುಗಿದ ಫ್ರೆಂಚ್ ವಜ್ರದ ವ್ಯಾಪಾರಿ ತಾವೆರ್ನಿಯೆ ಇಂಥ ದೋಣಿಗಳ ತಳಕ್ಕೆ ಕಟ್ಟಿಗೆಯ ಹೊರೆ ಹಾಸುವುದನ್ನು ಗಮನಿಸಿದ; ಸೋರಿದ ನೀರು ಸರಕಿಗೆ ತಾಗದಿರಲಿ ಎಂಬ ಉಪಾಯ ಅದು. 1803ರ ಮರಾಠಾ ಯುದ್ಧಕ್ಕೆ ಸಿದ್ಧನಾಗುವಾಗ ಆರ್ಥರ್ ವೆಲ್ಲೆಸ್ಲಿ ಮಳೆಗಾಲದ ಹೊಳೆಗಳಿಗಾಗಿ ಹರಿಗೋಲುಗಳನ್ನೇ ಮಾಡಿಸಿದ. ಮುಂದೆ ವಾಟರ್ಲೂನಲ್ಲಿ ಹೆಸರಾದ ಸೇನಾಪತಿಗೆ ದಕ್ಷಿಣದ ಹೊಳೆಗಳಲ್ಲಿ ಮೇದಾರನ ಬುಟ್ಟಿಗಿಂತ ಒಳ್ಳೆಯ ಉಪಾಯ ಸಿಗಲಿಲ್ಲ.

ಬದಲಾವಣೆ ಬಂದದ್ದು ರೈಲಿನಿಂದ. ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಲಬುರಗಿ, ಶಹಾಬಾದ್, ವಾಡಿಗಳನ್ನು ಹಾದು 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಹೊರಟಿತು. ಚಿತ್ತಾಪುರ, ಮಳಖೇಡ ರಸ್ತೆ, ಸೇಡಂ, ತಾಂಡೂರು, ವಿಕಾರಾಬಾದ್ ಎಂದು ಅದರ ನಿಲ್ದಾಣಗಳು ಹೆಚ್ಚುಕಡಿಮೆ ಕಾಗಿಣೆಯ ಜೊತೆಗೇ ಸಾಗುತ್ತವೆ. ದೂರದ ಪ್ರಯಾಣಿಕ, ವ್ಯಾಪಾರಿ, ಅಧಿಕಾರಿ ಎಲ್ಲರೂ ರೈಲು ಹತ್ತಿದರು. ಘಟ್ಟದಲ್ಲಿ ಉಳಿದವರು ಆಚೆ ದಂಡೆಯ ಹೊಲಕ್ಕೆ, ಸಂತೆಗೆ, ಬೀಗರ ಮನೆಗೆ, ಸನ್ನತಿಯ ಚಂದ್ರಲಾಂಬೆಗೆ ಹೋಗುವ ಬಡಜನ. 20ನೇ ಶತಮಾನದ ಉತ್ತರಾರ್ಧದಲ್ಲಿ ರಸ್ತೆ ಸೇತುವೆಗಳೂ ಬಂದ ಮೇಲೆ ಅಂಬಿಗನ ಜೋಳದ ಪಾಲು ನಿಂತಿತು. ಹರಿಗೋಲು ಮೀನಿನ ಬಲೆಗೆ ಸೀಮಿತವಾಯಿತು. ಅಂಬಿಗರ ಮಕ್ಕಳಲ್ಲಿ ಎಷ್ಟೋ ಜನ ಫರ್ಸಿ ಗಣಿಗೆ, ಶಹಾಬಾದ್, ವಾಡಿ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಿಗೆ ಕೂಲಿಗೆ ಹೋದರು. ಕಾರ್ಖಾನೆಯ ಜೊತೆಗೇ ಆದಿತ್ಯನಗರದಂಥ ವಸತಿಗಳು ಎದ್ದವು. ಅಲ್ಲಿಗೆ ಬಂದು ನೆಲೆಸಿದ ದೂರದೂರುಗಳ ಕುಟುಂಬಗಳಿಗೆ ಕಾಗಿಣೆಯ ಸ್ವಭಾವ ಹೇಳಿಕೊಡಲು ಘಟ್ಟದಲ್ಲಿ ಯಾರೂ ಉಳಿದಿರಲಿಲ್ಲ.

ಸೇತುವೆ ಬಂದರೂ ಹೊಳೆಯ ಹಕ್ಕು ಹೋಗಲಿಲ್ಲ. ಕಾಗಿಣೆಯ ಹಳೆಯ ಸೇತುವೆಗಳು ತಗ್ಗು. ದಂಡೋತಿಯಲ್ಲೂ ಮಳಖೇಡದಲ್ಲೂ ದೊಡ್ಡ ನೀರು ಬಂದಾಗ ಅವು ಮುಳುಗಿ ರಸ್ತೆ ಕಡಿಯುತ್ತದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆ ಇದೇ ಹೊಳೆಯ ದಂಡೆಯಲ್ಲಿದೆ. ಜಯತೀರ್ಥರ ವೃಂದಾವನವಿರುವ ಉತ್ತರಾದಿ ಮಠಕ್ಕೂ ನೀರು ನುಗ್ಗುವುದುಂಟು. ಮುಳುಗಿದ ಸೇತುವೆಯ ಮೇಲೆ ಬೈಕು, ಟ್ರ್ಯಾಕ್ಟರ್ ದಾಟಿಸಲು ಹೋಗುವವರು ಪ್ರತಿ ಮಳೆಗಾಲದಲ್ಲೂ ಇರುತ್ತಾರೆ. ಹರಿಯುವ ನೀರು ಮೊಣಕಾಲು ಮುಟ್ಟಿದರೆ ಗಟ್ಟಿ ಆಳನ್ನೂ ಕೆಡವುತ್ತದೆ, ಎರಡಡಿ ಏರಿದರೆ ಕಾರನ್ನೇ ಎತ್ತಿ ಒಯ್ಯುತ್ತದೆ. ಹಿಂದಿನ ಅಂಬಿಗನ ಜಾಗದಲ್ಲಿ ಈಗ ಬ್ಯಾರಿಕೇಡ್ ಇಟ್ಟುಕೊಂಡು ಒಬ್ಬ ಪೊಲೀಸ್ ಪೇದೆ ನಿಂತಿರುತ್ತಾನೆ.

ಕೃಷ್ಣೆಯ ನಡುಗಡ್ಡೆಗಳಲ್ಲಿ ಹಳೆಯ ಬದುಕು ಇನ್ನೂ ಉಳಿದಿತ್ತು. ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿಯಿಂದ 2013ರ ಮಳೆಗಾಲದಲ್ಲಿ ತುಂಬು ಗರ್ಭಿಣಿಯೊಬ್ಬರು ಉಕ್ಕಿದ ಕೃಷ್ಣೆಯನ್ನು ಈಜಿ ದಾಟಿದ ಸುದ್ದಿ ದೇಶದ ತುಂಬ ಹರಡಿತು. ಗಡ್ಡೆಯಲ್ಲಿ ಆಸ್ಪತ್ರೆ ಇರಲಿಲ್ಲ. ಆ ನೀರಿಗೆ ದೋಣಿ ಇಳಿಯುವಂತಿರಲಿಲ್ಲ. ಮನೆಯವರು ಒಣಗಿದ ಸೋರೆ, ಕುಂಬಳದ ಬುರುಡೆಗಳನ್ನು ಮೈಗೆ ಕಟ್ಟಿ, ಮುಂದೆ ಹಿಂದೆ ತಾವೂ ಈಜುತ್ತ ಅವರನ್ನು ಆಚೆ ದಡ ಮುಟ್ಟಿಸಿದರು. ಬುರುಡೆಯ ಉಪಾಯ ಹೊಸತೇನಲ್ಲ. ಉತ್ತರ ಕರ್ನಾಟಕದ ಹೊಳೆದಂಡೆಯ, ಬಾವಿದಂಡೆಯ ಮಕ್ಕಳು ಈಜು ಕಲಿತದ್ದೇ ಬೆನ್ನಿಗೆ ಬುರುಡೆಯನ್ನೋ ಕತ್ತಾಳೆಯ ಬೆಂಡನ್ನೋ ಕಟ್ಟಿಕೊಂಡು. ಚೆನ್ನಾಗಿ ಬಲಿತ ಸೋರೆಕಾಯಿಯನ್ನು ಬಳ್ಳಿಯಲ್ಲೇ ಒಣಗಲು ಬಿಡುತ್ತಾರೆ. ಅಲುಗಿಸಿದರೆ ಒಳಗೆ ಬೀಜ ಗಲಗಲ ಎನ್ನಬೇಕು. ಬಿರುಕಿಲ್ಲದ ಎರಡು ಬುರುಡೆ ಒಬ್ಬ ಹುಡುಗನನ್ನು ತೇಲಿಸಬಲ್ಲವು. ಇಂಗ್ಲೆಂಡಿನ ಕ್ಯಾಪ್ಟನ್ ವಾರ್ಡ್ 1854ರಲ್ಲಿ ಜೀವರಕ್ಷಕ ದೋಣಿಯವರಿಗಾಗಿ ಮಾಡಿದ ಬೆಂಡಿನ ಅಂಗಿಯ ಹಿಂದಿನ ಲೆಕ್ಕವೂ ಇದೇ. 1861ರಲ್ಲಿ ವಿಟ್ಬಿ ಬಂದರಿನ ಜೀವರಕ್ಷಕ ದೋಣಿ ಮಗುಚಿದಾಗ ಬದುಕಿದವನು ಒಬ್ಬನೇ, ಆ ಅಂಗಿ ತೊಟ್ಟಿದ್ದವನು.

ಇತ್ತ ಕಲಬುರಗಿ ಸೀಮೆಯಲ್ಲಿ ನೀರಿನ ಚಹರೆಯೇ ಬದಲಾಯಿತು. ಮೇಲ್ಗಡೆ ಮಹಾರಾಷ್ಟ್ರದಲ್ಲಿ ಭೀಮೆಗೆ ಉಜನಿ ಅಣೆಕಟ್ಟು 1980ರಲ್ಲಿ ಮುಗಿಯಿತು. ಕೆಳಗೆ ಸೊನ್ನ, ಸನ್ನತಿಗಳಲ್ಲಿ ಬ್ಯಾರೇಜುಗಳಾದವು. ಚಿಂಚೋಳಿಯಲ್ಲಿ ಚಂದ್ರಂಪಳ್ಳಿ, ನಾಗರಾಳ ಜಲಾಶಯಗಳು ತುಂಬಿದವು. ಹೊಳೆ ಏರುವುದು ಇಳಿಯುವುದು ಈಗ ಮಳೆಯ ಜೊತೆಗೆ ಗೇಟಿನ ಕೈಯಲ್ಲೂ ಇದೆ. ನಕ್ಷತ್ರ ನೋಡಿ, ನೊರೆ ನೋಡಿ ಹೇಳುವ ವಿದ್ಯೆ ಅರ್ಧ ಕೆಲಸಕ್ಕೆ ಬಾರದಾಯಿತು. ನೀರು ಬಿಡುವ ಮುನ್ನ ದಂಡೆಯ ಹಳ್ಳಿಗಳಲ್ಲಿ ಡಂಗುರ ಸಾರಿಸುತ್ತಾರೆ. ಅದು ಹೊಲದಲ್ಲಿರುವವನಿಗೆ, ಮಡುವಿನಲ್ಲಿ ಈಜುವ ಪೋರನಿಗೆ ಕೇಳಿಸದೆ ಹೋಗುವುದೂ ಉಂಟು.

ಇದೇ ಕಾಲಕ್ಕೆ ನೀರು ವಿಹಾರದ ಜಾಗವಾಯಿತು. ಕಲಬುರಗಿಯ ಶರಣಬಸವೇಶ್ವರ ಕೆರೆ, ಜನರ ಬಾಯಲ್ಲಿ ಅಪ್ಪನ ಕೆರೆ, ಊರವರ ಸಂಜೆಯ ತಾಣ. ಅಲ್ಲಿ ದೋಣಿ ವಿಹಾರವೂ ನಡೆದಿದೆ. 2011ರಲ್ಲಿ ಚಿಂಚೋಳಿಯ ಕಾಡು ವನ್ಯಜೀವಿಧಾಮವೆಂದು ಘೋಷಣೆಯಾದ ಮೇಲೆ ಚಂದ್ರಂಪಳ್ಳಿಯ ಹಿನ್ನೀರು, ಎತ್ತಿಪೋತ ಜಲಪಾತ ನೋಡಲು ಬರುವವರು ಹೆಚ್ಚಿದರು. ಆದರೆ ಈ ಸೀಮೆಯ ಹುಡುಗರ ನಿಜವಾದ ಈಜುಕೊಳ ಯಾವ ಪ್ರವಾಸಿ ನಕ್ಷೆಯಲ್ಲೂ ಇಲ್ಲ. ಅದು ಶಹಾಬಾದ್, ವಾಡಿ, ಚಿತ್ತಾಪುರ ಸುತ್ತಲಿನ ಕೈಬಿಟ್ಟ ಫರ್ಸಿ ಗಣಿಗಳು. ಕಲ್ಲು ತೆಗೆದ ಗುಂಡಿಯಲ್ಲಿ ಮಳೆನೀರು ನಿಂತು ಹಸಿರು ಬಣ್ಣಕ್ಕೆ ತಿರುಗಿರುತ್ತದೆ. ಬಿಸಿಲಿನ ದಿನ ಅದರಷ್ಟು ತಂಪಾದದ್ದು ಬೇರೆ ಕಾಣುವುದಿಲ್ಲ. ಗಣಿಯ ಗೋಡೆ ಚಾಕುವಿನಿಂದ ಕೊಯ್ದಂತೆ ನೇರ. ಹೊಳೆಗೆ ಇರುವಂಥ ಇಳಿಜಾರು ದಂಡೆ ಇಲ್ಲ, ಕಾಲೂರಲು ಮೆಟ್ಟಿಲಿಲ್ಲ, ಹಿಡಿಯಲು ಬೇರಿಲ್ಲ. ಧುಮುಕುವುದು ಸುಲಭ, ಹತ್ತುವುದು ಕಷ್ಟ. ದಣಿದ ಹುಡುಗ ಗೋಡೆ ಮುಟ್ಟಿಯೂ ಮುಳುಗಬಹುದು. ಹೊಳೆಗೊಬ್ಬ ಅಂಬಿಗನಾದರೂ ಇದ್ದ. ಗಣಿಗೆ ಯಾವತ್ತೂ ಯಾರೂ ಇರಲಿಲ್ಲ. ಕಲ್ಲು ತೆಗೆದು ಲಾಭ ಮಾಡಿಕೊಂಡವರು ಗುಂಡಿಯನ್ನು ಹಾಗೆಯೇ ಬಿಟ್ಟು ಹೋಗುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಸುತ್ತ ಬೇಲಿ ಮತ್ತು ಒಂದು ಬದಿಗೆ ಇಳಿಜಾರು, ಇಷ್ಟಾದರೂ ಇದ್ದರೆ ಬದುಕುವ ಜೀವಗಳಿವೆ.

ಅಪಘಾತಗಳ ದಾಖಲೆ ತಿರುವಿದರೆ ಕಾರಣಗಳು ಮರಳಿ ಮರಳಿ ಅವೇ. 2019ರ ಜನವರಿ 21ರಂದು, ಅಂಬಿಗರ ಚೌಡಯ್ಯನ ಜಯಂತಿಯ ದಿನವೇ, ಕಾರವಾರದ ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಮಿತಿ ಮೀರಿದ ಜನ, ಮೈಮೇಲೆ ಲೈಫ್ ಜಾಕೆಟ್ ಇಲ್ಲ. 2020ರ ಆಗಸ್ಟಿನಲ್ಲಿ ರಾಯಚೂರು ತಾಲೂಕಿನ ನಡುಗಡ್ಡೆಗೆ ಹೊರಟಿದ್ದ ಹರಿಗೋಲು ಉಕ್ಕಿದ ಕೃಷ್ಣೆಯಲ್ಲಿ ಮಗುಚಿತು. ಅದರಲ್ಲಿದ್ದ 13 ಜನರಲ್ಲಿ 9 ಮಂದಿ ಪಾರಾದರು, ನಾಲ್ವರನ್ನು ಹೊಳೆ ಒಯ್ದಿತು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ವಿಹಾರದ ದೋಣಿ ಮುಳುಗಿ 22 ಜನ, 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸಕ್ಕೆ ಬಂದ 12 ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು ಸತ್ತರು. ಎರಡು ಕಡೆಯೂ ದೋಣಿಯಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನ. ಸಮುದ್ರ, ಹೊಳೆ, ಹಿನ್ನೀರು, ಕೆರೆ ಎಂದು ನೀರು ಬೇರೆಯಾದರೂ ದಂಡೆಯಲ್ಲಿ ‘ಇನ್ನು ಸಾಕು, ಇಳಿಯಿರಿ’ ಎಂದು ಹೇಳಬೇಕಾದ ಮಾತನ್ನು ಯಾರೂ ಹೇಳಿರಲಿಲ್ಲ, ಹೇಳಿದ್ದರೂ ನಡೆದಿರಲಿಲ್ಲ.

ಕಾನೂನು ಬಹಳ ಕಾಲ ಬಿದಿರಿನ ದೋಣಿಯ ಕಡೆ ನೋಡಲೇ ಇಲ್ಲ. 1917ರ ಒಳನಾಡು ಹಡಗುಗಳ ಕಾಯ್ದೆ ಮೊದಲು ಹಬೆ ದೋಣಿಗೆ, ಆಮೇಲೆ ಯಂತ್ರದ ದೋಣಿಗೆ ಮಾತ್ರ ಅನ್ವಯಿಸುತ್ತಿತ್ತು. ಹರಿಗೋಲು, ತೆಪ್ಪ, ಹುಟ್ಟಿನ ದೋಣಿಗಳು ಅದರ ಲೆಕ್ಕಕ್ಕಿಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2017ರಲ್ಲಿ ದೋಣಿ ಸುರಕ್ಷತೆಗೆಂದೇ ಮಾರ್ಗಸೂಚಿ ಹೊರಡಿಸಿತು. ಹಳೆಯ ಕಾಯ್ದೆಯ ಬದಲಿಗೆ ಬಂದು 2022ರಲ್ಲಿ ಜಾರಿಯಾದ 2021ರ ಒಳನಾಡು ಹಡಗುಗಳ ಕಾಯ್ದೆ ಯಂತ್ರವಿಲ್ಲದ ದೋಣಿಗಳನ್ನೂ ಸ್ಥಳೀಯವಾಗಿ ನೋಂದಾಯಿಸಲು ದಾರಿ ತೆರೆಯಿತು. ಎಷ್ಟು ಜನ ಹತ್ತಬಹುದೆಂದು ದೋಣಿಯ ಮೈಮೇಲೆ ಎದ್ದು ಕಾಣುವಂತೆ ಬರೆಯಬೇಕು, ಅಷ್ಟೂ ಜನಕ್ಕೆ ಜಾಕೆಟ್ ಇರಬೇಕು, ಕತ್ತಲಾದ ಮೇಲೆ, ಗಾಳಿಮಳೆಯಲ್ಲಿ ದೋಣಿ ಬಿಡಬಾರದು ಎಂಬ ನಿಯಮಗಳು ಈಗ ಬರಹದಲ್ಲಿವೆ. ಜಾಕೆಟ್ ದೋಣಿಯ ಮೂಲೆಯಲ್ಲಿ ರಾಶಿ ಬಿದ್ದಿದ್ದರೆ ಉಪಯೋಗವಿಲ್ಲ. ಮಗುಚಿದ ಮೇಲೆ ನೀರಲ್ಲಿ ಅದನ್ನು ತೊಡಲು ಆಗುವುದಿಲ್ಲ. ದಂಡೆಯಲ್ಲೇ ತೊಟ್ಟು ಪಟ್ಟಿ ಬಿಗಿಯಬೇಕು. ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದರೆ ಅದು ಗದ್ದದ ತನಕ ಬಂದರೆ ಸಡಿಲವಾಗಿದೆ ಎಂದರ್ಥ. ದೊಡ್ಡವರ ಜಾಕೆಟ್ ಮಕ್ಕಳಿಗೆ ಹಾಕಿದರೆ ಮಗು ಅದರೊಳಗಿಂದ ಜಾರಿ ಹೋಗುತ್ತದೆ.

ಈ ಸೀಮೆ ಕಂಡ ದೊಡ್ಡ ಪರೀಕ್ಷೆಗಳಲ್ಲೊಂದು 2020ರ ಅಕ್ಟೋಬರಿನದು, ಚಿತ್ತಾ ಮಳೆಯ ಕಾಲ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಅಕ್ಟೋಬರ್ 13ರಂದು ಆಂಧ್ರ ಕರಾವಳಿ ದಾಟಿ, ಹೈದರಾಬಾದನ್ನು ಮುಳುಗಿಸಿ, ವಿಕಾರಾಬಾದ್ ಮೇಲೆ ಹಾದು ಕಲಬುರಗಿಗೆ ಬಂತು. ಮೊದಲು ಕಾಗಿಣಾ ಉಕ್ಕಿ ಸೇಡಂ, ಚಿತ್ತಾಪುರದ ಹಳ್ಳಿಗಳಿಗೆ ನುಗ್ಗಿತು; ಅದು ಇಳಿಯುವ ಹೊತ್ತಿಗೆ ಮಹಾರಾಷ್ಟ್ರದ ನೀರು ಸೇರಿ ಭೀಮೆ ಲಕ್ಷಾಂತರ ಕ್ಯೂಸೆಕ್ ಹೊತ್ತು ಬಂತು. ಎನ್‌ಡಿಆರ್‌ಎಫ್, ಎಸ್‌ಡಿಆರ್‌ಎಫ್, ಅಗ್ನಿಶಾಮಕ ದಳ, ಕೊನೆಗೆ ಸೇನೆಯೂ ರಬ್ಬರ್ ದೋಣಿಗಳನ್ನು ಇಳಿಸಿದವು. ರಬ್ಬರ್ ದೋಣಿಯ ಗುಣ ಹರಿಗೋಲಿಗೆ ಹತ್ತಿರ: ಚಪ್ಪಟೆ ತಳ, ಗೇಣು ನೀರಲ್ಲೂ ತೇಲುವ ಮೈ, ಬಡಿದರೆ ಬಾಗುವ ಅಂಚು. ಅದರ ಶತ್ರು ಜಾಲಿಮುಳ್ಳು ಮತ್ತು ಹೊಲದ ತಂತಿಬೇಲಿ. ಯಾವ ಹೊಲದಲ್ಲಿ ಬೇಲಿ ಇದೆ, ಬಾವಿ ಎಲ್ಲಿ ಮುಳುಗಿದೆ ಎಂದು ಹೇಳಬಲ್ಲವರು ಊರವರು ಮಾತ್ರ.

ನೀರಲ್ಲಿ ಆಪತ್ತು ಬಂದಾಗ ಮಾಡಬೇಕಾದುದರಲ್ಲಿ ಹಳೆಯ ಅಂಬಿಗ ಹೇಳುತ್ತಿದ್ದುದಕ್ಕೂ ಇಂದಿನ ತರಬೇತಿಗೂ ಅಂತರ ಸ್ವಲ್ಪವೇ. ದೋಣಿ ಮಗುಚಿದರೂ ಅದು ತೇಲುತ್ತಿರುತ್ತದೆ. ಅದನ್ನು ಬಿಟ್ಟು ದಂಡೆ ಹತ್ತಿರ ಕಂಡಿತೆಂದು ಈಜಲು ಹೋಗದೆ ಹಿಡಿದುಕೊಂಡೇ ಇರಬೇಕು. ಸೆಳವಿಗೆ ಸಿಕ್ಕರೆ ಅಂಗಾತ ತಿರುಗಿ, ಕಾಲು ಮುಂದೆ ಮಾಡಿಕೊಂಡು ತೇಲಬೇಕು, ಬಂಡೆಗೆ ಮೊದಲು ಬಡಿಯುವುದು ಕಾಲಾಗಿರಲಿ. ತಳದ ಚಪ್ಪಡಿಗಳ ಸಂದಿನಲ್ಲಿ ಪಾದ ಸಿಕ್ಕಿಕೊಂಡರೆ ನೀರೇ ಮೈಯನ್ನು ಕೆಳಕ್ಕೆ ಒತ್ತುತ್ತದೆ. ಹಾಗಾಗಿ ಹರಿವಿನಲ್ಲಿ ಎದ್ದು ನಿಲ್ಲುವ ಪ್ರಯತ್ನ ಬೇಡ. ಮುಳುಗುತ್ತಿರುವವರನ್ನು ಕಂಡವರು ನೀರಿಗೆ ಧುಮುಕುವುದು ಕೊನೆಯ ಉಪಾಯ. ಮೊದಲು ಕೋಲು ಚಾಚಬೇಕು, ಇಲ್ಲದಿದ್ದರೆ ಹಗ್ಗ ಎಸೆಯಬೇಕು. ಹಗ್ಗವಿಲ್ಲದ ಕಡೆ ತಲೆಯ ರುಮಾಲು, ಉಟ್ಟ ಧೋತರ, ಸೀರೆ ಬಿಚ್ಚಿ ಎಸೆದು ಜೀವ ಉಳಿಸಿದವರಿದ್ದಾರೆ. ಬಾಯಿ ಮುಚ್ಚಿದ ಖಾಲಿ ಕೊಡ, ಪ್ಲಾಸ್ಟಿಕ್ ಕ್ಯಾನು ಸಹ ಒಬ್ಬರನ್ನು ತೇಲಿಸುತ್ತದೆ. ಒಬ್ಬರನ್ನು ಉಳಿಸಲು ಮತ್ತೊಬ್ಬರು, ಅವರನ್ನು ಹಿಡಿಯಲು ಮಗದೊಬ್ಬರು ಎಂದು ಒಂದೇ ಮನೆಯ ಮೂವರು ನಾಲ್ವರು ಸಾಲಾಗಿ ಹೋದ ದುರಂತಗಳು ಕೆರೆ, ಗಣಿಗಳ ಸುದ್ದಿಯಲ್ಲಿ ಮತ್ತೆ ಮತ್ತೆ ಕಾಣುತ್ತವೆ. ಮುಳುಗುವವರು ಕೂಗುವುದೂ ಅಪರೂಪ. ಉಸಿರಿಗೇ ತಡಕಾಡುವಾಗ ಕೂಗು ಹೊರಡುವುದಿಲ್ಲ.

ಮುಳುಗಿದವರನ್ನು ಮೇಲೆ ತಂದ ನಂತರದ ಉಪಚಾರದಲ್ಲಿ ಮಾತ್ರ ಹಳೆಯ ರೂಢಿಯನ್ನು ಕೈಬಿಡಲೇಬೇಕು. ಹೊಟ್ಟೆ ಒತ್ತಿ, ಬೋರಲು ಹಾಕಿ, ಕಾಲು ಹಿಡಿದು ತಿರುಗಿಸಿ ನೀರು ಕಕ್ಕಿಸುವುದು ಎಲ್ಲೆಡೆ ಇತ್ತು. ಯುರೋಪಿನಲ್ಲೂ 18ನೇ ಶತಮಾನದಲ್ಲಿ ಮುಳುಗಿದವರನ್ನು ಪೀಪಾಯಿಯ ಮೇಲೆ ಉರುಳಿಸುತ್ತಿದ್ದರು. ಅದರಿಂದ ಹೊಟ್ಟೆಯಲ್ಲಿದ್ದುದು ಶ್ವಾಸಕೋಶಕ್ಕೆ ಸೇರುತ್ತದೆ, ಅಮೂಲ್ಯವಾದ ನಿಮಿಷಗಳು ಹೋಗುತ್ತವೆ. ಬಾಯಿಗೆ ಬಾಯಿಟ್ಟು ಉಸಿರು ಕೊಡುವ, ಎದೆ ಒತ್ತುವ ಇಂದಿನ ಕ್ರಮ 1950–60ರ ನಡುವೆ ರೂಪುಗೊಂಡದ್ದು. ಮುಳುಗಿದವರಿಗೆ ಬೇಕಾದದ್ದು ಮೊದಲು ಗಾಳಿ; ಉಸಿರಿಲ್ಲದಿದ್ದರೆ ಮೂಗು ಹಿಡಿದು, ಗದ್ದ ಎತ್ತಿ, ಎದೆ ಏಳುವಂತೆ ಉಸಿರು ಊದಿ, ನಂತರ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ 2 ಸಲ ಊದುತ್ತ ಹೋಗಬೇಕು, ಆಂಬುಲೆನ್ಸ್ ಬರುವ ತನಕ. ಅಷ್ಟರಲ್ಲಿ ಇನ್ನೊಬ್ಬರು 112 ಅಥವಾ 108ಕ್ಕೆ ಕರೆ ಮಾಡಿರಬೇಕು. ಎದ್ದು ಕೂತು ಮಾತಾಡಿದವರನ್ನೂ ಆಸ್ಪತ್ರೆಗೆ ಒಯ್ಯಬೇಕು. ಶ್ವಾಸಕೋಶದ ತೊಂದರೆ ಕೆಲವು ಗಂಟೆಗಳ ಮೇಲೆ ಕಾಣಿಸಿಕೊಳ್ಳಬಹುದು. 2023ರ ಡಿಸೆಂಬರಿನಲ್ಲಿ ಹಾವೇರಿ ಜಿಲ್ಲೆಯಲ್ಲಿ ನೀರಲ್ಲಿ ಮುಳುಗಿದ ಇಬ್ಬರು ಮಕ್ಕಳನ್ನು, ಮೊಬೈಲಿನಲ್ಲಿ ಹರಿದಾಡಿದ ಮಾತು ನಂಬಿ, ಬದುಕಿ ಬರುತ್ತಾರೆಂದು ಗಂಟೆಗಟ್ಟಲೆ ಉಪ್ಪಿನಲ್ಲಿ ಹೂತಿಟ್ಟಿದ್ದರು. ಉಪ್ಪಿನಿಂದ ಯಾರೂ ಬದುಕಿಲ್ಲ.

ಇಂದಿಗೂ ಕಾಗಿಣೆಯ ಮಡುವಿನಲ್ಲೋ ಶಹಾಬಾದಿನ ಗಣಿಯಲ್ಲೋ ಯಾರಾದರೂ ಕಾಣೆಯಾದರೆ ಅಗ್ನಿಶಾಮಕ ದಳದ ವಾಹನ ಬರುತ್ತದೆ, ಜೊತೆಗೆ ಹತ್ತಿರದ ಊರಿನ ಮೀನುಗಾರರಿಗೂ ಕರೆ ಹೋಗುತ್ತದೆ. ಅವರು ಹರಿಗೋಲನ್ನು ತಲೆಯ ಮೇಲೆ ಬೋರಲು ಹೊತ್ತು ತಂದು ನೀರಿಗಿಡುತ್ತಾರೆ. ಒಬ್ಬ ಮೊಣಕಾಲೂರಿ ಹುಟ್ಟು ಹಾಕುತ್ತಾನೆ, ಇನ್ನೊಬ್ಬ ಕೊಕ್ಕೆ ಕಟ್ಟಿದ ಹಗ್ಗವನ್ನು ತಳದಗುಂಟ ಎಳೆಯುತ್ತ ಹೋಗುತ್ತಾನೆ, ಹಗ್ಗ ತಡೆದ ಕಡೆ ನಿಲ್ಲಿಸಿ ಮುಳುಗು ಹಾಕುತ್ತಾನೆ.